ಸೆನ್ಸರ್ ತಂತ್ರಜ್ಞಾನ: ಹುಳುಮನೆ, ವಾಸದ ಮನೆ, ಈಜುಕೊಳ

ಶಾಖ, ತೇವ, ಬೆಳಕು, ಒತ್ತಡ, ಚಲನೆ ಮುಂತಾದ ಭೌತಿಕ ಸ್ಥಿತಿಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನವೇ ಸೆನ್ಸರ್. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದಕ್ಕೆ ಸಂವೇದಕ ಎಂಬ ಹೆಸರಿದೆ. ಈ ಸಂಕೇತವನ್ನು ಓದಿಕೊಂಡು, ಒಳಗಿರುವ ಜೀವಿಗೆ ಒಗ್ಗುವಂತೆ ಗಾಳಿ, ಶಾಖ, ಬೆಳಕನ್ನು ಹೊಂದಿಸಿಕೊಳ್ಳುವ ಕೋಣೆ ಅಥವಾ ಕಟ್ಟಡವನ್ನು ಸ್ಮಾರ್ಟ್ ಜಾಗ ಎನ್ನುತ್ತಾರೆ. ಅದೇ ಸಾಧನವನ್ನು ಮೈಗೆ ಕಟ್ಟಿಕೊಂಡರೆ ಚಲನೆಯ ಸರಿತಪ್ಪುಗಳನ್ನು ತಿಳಿಯಬಹುದು. ಈಜಿನ ತರಬೇತಿಯಲ್ಲಿ ಅದರ ಬಳಕೆ ಈ ಬಗೆಯದು. ಎರಡೂ ಕಡೆ ನಡೆಯುವುದು ಅಳೆಯುವ, ಹೋಲಿಸುವ, ತಿದ್ದುವ ಕೆಲಸ. ಅಳೆದದ್ದು ತಿದ್ದಬೇಕಾದವರಿಗೆ ಹೊತ್ತಿಗೆ ಸರಿಯಾಗಿ, ಅವರ ಮೈಗೆ ತಕ್ಕ ರೂಪದಲ್ಲಿ ಮರಳಿ ಬಂದರೆ ಅದು ಹಿಮ್ಮಾಹಿತಿ ಎನಿಸಿಕೊಳ್ಳುತ್ತದೆ. ಬಾರದಿದ್ದರೆ ಎಷ್ಟು ಸೂಕ್ಷ್ಮ ಅಳತೆಯೂ ಬರೀ ಅಂಕಿಯಾಗಿ ಉಳಿಯುತ್ತದೆ.

ಇಡೀ ವಿಷಯವನ್ನು ರಾಮನಗರ ಸೀಮೆಯಲ್ಲಿ ನಿಂತು ನೋಡಲು ಕಾರಣವಿದೆ. ಒಳಗಿರುವ ಜೀವಿಯ ವಯಸ್ಸಿಗೆ ತಕ್ಕಂತೆ ವಾತಾವರಣವನ್ನು ದಿನದಿನಕ್ಕೂ ಬದಲಿಸಬೇಕಾದ ಕಟ್ಟಡಗಳು, ಅಂದರೆ ರೇಷ್ಮೆ ಹುಳು ಸಾಕುವ ಹುಳುಮನೆಗಳು, ಇಲ್ಲಿ ಊರೂರಿಗೂ ಇವೆ. ಭಾರತದ ಮುಂಚೂಣಿಯ ಈಜುಗಾರರು ತಯಾರಾಗುವ ಕೊಳಗಳು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿವೆ.

ಹುಳುಮನೆ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬದುಕಿನಲ್ಲಿ ರೇಷ್ಮೆಗೆ ದೊಡ್ಡ ಪಾಲಿದೆ. ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ನಿಲ್ಲುವುದು ಅದರ ಗುಣಮಟ್ಟದ ಮೇಲೆ. ಆ ಗುಣಮಟ್ಟದ ಬಹುಪಾಲು ಹುಳುಮನೆಯ ಗಾಳಿಯಲ್ಲೇ ತೀರ್ಮಾನವಾಗಿಬಿಡುತ್ತದೆ.

ರೇಷ್ಮೆ ಹುಳು ಶೀತರಕ್ತದ ಜೀವಿ. ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು, ಹೊರಗಿನ ಶಾಖವೇ ಅದರ ಶಾಖ. ಮೊಟ್ಟೆಯೊಡೆದು ಬಂದ ಮೇಲೆ ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಅದರ ತೂಕ ಹೆಚ್ಚುಕಡಿಮೆ 10,000 ಪಟ್ಟು ಬೆಳೆಯುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಇದನ್ನು ಜ್ವರ ಎಂದೇ ಕರೆಯುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಜ್ವರ ಕಳೆದು ಎದ್ದ ಹುಳುವಿಗೆ ಹಿಂದಿನ ವಾತಾವರಣವೇ ಸಾಕಾಗುವುದಿಲ್ಲ. ಮೊದಲ ಎರಡು ಹಂತಗಳಲ್ಲಿ, ಅಂದರೆ ಚಾಕಿಯಲ್ಲಿ, 27ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 85ರಿಂದ 90ರಷ್ಟು ತೇವಾಂಶ ಬೇಕು. ಮೂರನೆಯ ಹಂತಕ್ಕೆ 26 ಡಿಗ್ರಿ, ಶೇ 80. ನಾಲ್ಕನೆಯದಕ್ಕೆ 25 ಡಿಗ್ರಿ, ಶೇ 75. ಐದನೆಯ ಹಂತಕ್ಕೆ ಬರುವಾಗ 24 ಡಿಗ್ರಿಗೂ ಶೇ 65-70ಕ್ಕೂ ಇಳಿಸಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟ ಮೇಲೆ ಗಾಳಿ ಇನ್ನಷ್ಟು ಒಣಗಿರಬೇಕು. ಆಗ ತೇವ ಹೆಚ್ಚಾದರೆ ರೀಲಿಂಗ್ ಮಾಡುವಾಗ ಎಳೆ ಸಲೀಸಾಗಿ ಬಿಚ್ಚದೆ ತುಂಡಾಗುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು 1,000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆಂದು ನೆನೆದರೆ ಗೂಡು ಕಟ್ಟುವ ಆ ಕೊನೆಯ ದಿನಗಳ ಬೆಲೆ ಗೊತ್ತಾಗುತ್ತದೆ.

ಅಷ್ಟು ದಿನವೂ ಹೊರಗಿನ ಹವೆ ಹುಳುವಿಗೆ ವಿರುದ್ಧವಾಗಿಯೇ ಇರಬಹುದು. ಮಾರ್ಚ್-ಏಪ್ರಿಲ್‌ನಲ್ಲಿ ರಾಮನಗರದ ಹಗಲು 35 ಡಿಗ್ರಿ ದಾಟುತ್ತದೆ, ಗಾಳಿ ಒಣಗುತ್ತದೆ, ತಟ್ಟೆಯಲ್ಲಿ ಹಾಕಿದ ಸೊಪ್ಪು ಹುಳು ತಿನ್ನುವ ಮುಂಚೆಯೇ ಬಾಡುತ್ತದೆ. ಮಳೆಗಾಲ ಮತ್ತು ಚಳಿಗಾಲದಲ್ಲಿ ತಂಪು, ತೇವ ಎರಡೂ ಸೇರಿದರೆ ಸುಣ್ಣಕಟ್ಟು ರೋಗ ಹರಡುತ್ತದೆ. ಹಾಲುತೊಂಡೆ, ಸಪ್ಪೆ ರೋಗಗಳಿಗೂ ಏರುಪೇರಿನ ಹವೆ ದಾರಿ ಮಾಡಿಕೊಡುತ್ತದೆ. ಇದಕ್ಕೆ ರೈತರು ಕಂಡುಕೊಂಡ ಉಪಾಯಗಳು ಎಲ್ಲರಿಗೂ ಗೊತ್ತಿರುವಂಥವೇ: ಒದ್ದೆ ಗೋಣಿಚೀಲದ ಪರದೆ, ಮಾಡಿನ ಮೇಲೆ ತೆಂಗಿನ ಗರಿ, ಚಳಿಗೆ ಇದ್ದಿಲ ಒಲೆ ಇಲ್ಲವೇ ಹೀಟರ್.

ಅಳೆಯಲು ಬಹುಕಾಲದಿಂದ ಇರುವ ಸಾಧನ ಗೋಡೆಯ ಮೇಲಿನ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್. ಒಂದು ಬಲ್ಬು ಬರಿದಾಗಿರುತ್ತದೆ, ಇನ್ನೊಂದಕ್ಕೆ ನೀರಿನಲ್ಲಿ ಅದ್ದಿದ ಬತ್ತಿ ಸುತ್ತಿರುತ್ತದೆ. ನೀರು ಆರುವಾಗ ಶಾಖ ಹೀರುವುದರಿಂದ ಒದ್ದೆ ಬಲ್ಬಿನ ಅಂಕಿ ಕೆಳಗಿರುತ್ತದೆ. ಗಾಳಿ ಒಣಗಿದಷ್ಟೂ ಎರಡರ ಅಂತರ ಹೆಚ್ಚು. ಒಣ ಬಲ್ಬು 27, ಒದ್ದೆ ಬಲ್ಬು 25 ತೋರಿಸಿದರೆ ತೇವಾಂಶ ಸುಮಾರು ಶೇ 85 ಇದ್ದು ಚಾಕಿಗೆ ಹದವಾಗಿರುತ್ತದೆ. ಒಣ 24, ಒದ್ದೆ 20 ಇದ್ದರೆ ಶೇ 70ರ ಹತ್ತಿರ, ಐದನೆಯ ಹಂತಕ್ಕೆ ಸರಿ. ವಿದ್ಯುತ್ ಬೇಡದ, ಬತ್ತಿ ಶುಚಿಯಾಗಿದ್ದರೆ ಸುಳ್ಳಾಡದ ಈ ಸಾಧನವನ್ನು ಹಳತೆಂದು ಕಳೆಯುವುದು ತಪ್ಪು. ಅದರ ಕೊರತೆ ಒಂದೇ: ಯಾರಾದರೂ ಹೋಗಿ ನೋಡಿದಾಗ ಮಾತ್ರ ಅದು ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಶಾಖ ಇಳಿದದ್ದು ಬೆಳಿಗ್ಗೆ ತಿಳಿದರೆ ಪ್ರಯೋಜನವಿಲ್ಲ.

ಎಲೆಕ್ಟ್ರಾನಿಕ್ ಸೆನ್ಸರ್ ತುಂಬುವುದು ಈ ಕೊರತೆಯನ್ನು. ಸಾಮಾನ್ಯವಾಗಿ ಬಳಸುವ ಡಿಎಚ್‌ಟಿ-11, ಡಿಎಚ್‌ಟಿ-22 ಬಗೆಯ ಪುಟ್ಟ ಡಬ್ಬಿಗಳಲ್ಲಿ ಎರಡು ಭಾಗಗಳಿವೆ. ಶಾಖ ಏರಿದಂತೆ ವಿದ್ಯುತ್ ರೋಧ ಇಳಿಯುವ ಥರ್ಮಿಸ್ಟರ್ ಒಂದು. ತೇವ ಹೀರಿಕೊಂಡು ವಿದ್ಯುತ್ ಗುಣ ಬದಲಾಯಿಸುವ ತೆಳು ಪದರ ಇನ್ನೊಂದು. ವೈಫೈ ಇರುವ ಇಎಸ್‌ಪಿ ಚಿಪ್ಪಿಗೆ ಇದನ್ನು ಜೋಡಿಸಿ, ರಿಲೇ ಮೂಲಕ ಹೀಟರ್, ಫ್ಯಾನ್, ಹಬೆಯಂತ್ರಗಳನ್ನು ಓಡಿಸಬಹುದು, ಮೊಬೈಲಿಗೆ ಎಚ್ಚರಿಕೆ ಕಳಿಸಬಹುದು. ಬಿಡಿಭಾಗಗಳಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಕಷ್ಟ ಬರುವುದು ಬಳಕೆಯಲ್ಲಿ. ಡಿಎಚ್‌ಟಿ-11ರ ಶಾಖದ ಅಳತೆಯಲ್ಲಿ 2 ಡಿಗ್ರಿವರೆಗೆ ವ್ಯತ್ಯಾಸ ಇರಬಹುದೆಂದು ತಯಾರಕರೇ ಹೇಳುತ್ತಾರೆ. ಹುಳುವಿನ ಒಂದು ಹಂತಕ್ಕೂ ಮುಂದಿನದಕ್ಕೂ ಇರುವ ಅಂತರವೇ ಒಂದು ಡಿಗ್ರಿ! ಹೀಗಾಗಿ ಅರ್ಧ ಡಿಗ್ರಿ ನಿಖರತೆಯ ಡಿಎಚ್‌ಟಿ-22 ಅಥವಾ ಅದಕ್ಕಿಂತ ಮೇಲಿನದನ್ನು ಬಳಸುವುದೇ ಜಾಣತನ.

ಇಡುವ ಜಾಗವೂ ಮುಖ್ಯ. ಸೊಪ್ಪನ್ನು ರೆಂಬೆಸಮೇತ ಹಾಕುವ ರೆಂಬೆ ಪದ್ಧತಿಯ ಅಟ್ಟಣಿಗೆಯಲ್ಲಿ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಹವೆ ಬೇರೆ. ಗೋಡೆಗೆ ಹೊಡೆದ ಸೆನ್ಸರ್ ಗೋಡೆಯ ಸುದ್ದಿ ಹೇಳುತ್ತದೆ, ಹುಳುವಿನದನ್ನಲ್ಲ. ಕಿಟಕಿ ಮುಚ್ಚಿ ತೇವ ಉಳಿಸಲು ಹೊರಟರೆ ಕಸ ಮತ್ತು ಹಿಕ್ಕೆಯಿಂದೇಳುವ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಒಳಗೇ ನಿಲ್ಲುತ್ತವೆ. ಆದ್ದರಿಂದ ಶಾಖ-ತೇವದ ಜೊತೆಗೆ ಅನಿಲದ ಸೆನ್ಸರನ್ನೂ ನೋಡಿ ನಿರ್ಧರಿಸುವ ವ್ಯವಸ್ಥೆ ಬೇಕಾಗುತ್ತದೆ. ಬೆಳೆಗೆ ಮೊದಲು ಬ್ಲೀಚಿಂಗ್ ಪೌಡರ್, ಫಾರ್ಮಲಿನ್‌ನಂಥ ಔಷಧಗಳಿಂದ ಮನೆಯನ್ನು ಸೋಂಕುಮುಕ್ತ ಮಾಡುವಾಗ ಸೆನ್ಸರುಗಳನ್ನು ಕಳಚಿ ಹೊರಗಿಡಬೇಕು. ಆ ಆವಿ ತೇವದ ಪದರವನ್ನು ಕೆಡಿಸುತ್ತದೆ. ನಂತರ ಅದು ಹೇಳುವ ಅಂಕಿ ನಂಬಿಕೆಗೆ ಅರ್ಹವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು, ಸುಣ್ಣದ ಪುಡಿ ಉದುರಿಸಿ ಹಾಸನ್ನು ಒಣಗಿಸಬೇಕು, ಗಾಳಿಯಾಡಲು ಬಿಡಬೇಕು. ಬಹುಪಾಲು ಹುಳುಗಳು ಜ್ವರಕ್ಕೆ ಕೂತದ್ದನ್ನು ಕಂಡುಹಿಡಿಯುವುದು ತಲೆ ಎತ್ತಿ ಅಲುಗಾಡದೆ ನಿಂತ ಅವುಗಳ ಭಂಗಿಯನ್ನು ಕಂಡು ಬಲ್ಲ ಕಣ್ಣು. ಈ ಕೆಲಸವನ್ನು ಹೆಚ್ಚಾಗಿ ಮನೆಯ ಹೆಂಗಸರೇ ಮಾಡುತ್ತಾರೆ. ಕ್ಯಾಮೆರಾ ಚಿತ್ರದಿಂದ ಇದನ್ನು ಗುರುತಿಸುವ ಪ್ರಯೋಗಗಳು ನಡೆದಿವೆ. ಆದರೂ ಜ್ವರ ಕೂತಿದೆ, ಜ್ವರ ಎದ್ದಿದೆ ಎಂದು ಸಾಕುವವರೇ ಒತ್ತಿ ತಿಳಿಸುವ ಎರಡು ಗುಂಡಿಗಳು, ಕನ್ನಡದಲ್ಲಿ ಬರೆದವು, ಯಂತ್ರದ ಮೇಲೆ ಇರಲೇಬೇಕು. ಸಾಕುವವರ ತಿಳಿವಳಿಕೆಯನ್ನು ಒಳಗೆ ತೆಗೆದುಕೊಳ್ಳದ ಸ್ವಯಂಚಾಲಿತ ವ್ಯವಸ್ಥೆ ಐದನೇ ದಿನದ ನಿಯಮವನ್ನು ಆರನೇ ದಿನವೂ ಪಾಲಿಸುತ್ತ ಕೂರುತ್ತದೆ.

ವಾಸದ ಮನೆ

ಮನುಷ್ಯರ ಕೋಣೆಗೆ ಬಂದರೆ, ಅಳೆದು ಹೊಂದಿಸುವ ಈ ಪರಂಪರೆ ಅಮೆರಿಕದ ವಾರೆನ್ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಥರ್ಮೋಸ್ಟಾಟಿನಿಂದ ಶುರುವಾಗುತ್ತದೆ ಎನ್ನಬಹುದು. ಗಣಕಗಳು ಕಣ್ಣಿಗೆ ಕಾಣದಂತೆ ಸುತ್ತಲಿನ ವಸ್ತುಗಳಲ್ಲಿ ಬೆರೆತುಹೋಗುವ ಕಾಲವನ್ನು ಜೆರಾಕ್ಸ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ 1991ರ ಲೇಖನವೊಂದರಲ್ಲಿ ಚಿತ್ರಿಸಿದರು. ಸ್ಮಾರ್ಟ್ ಜಾಗದ ಇಂದಿನ ಚರ್ಚೆಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹೊರಟವು. ಮೈಯಿಂದ ಹೊಮ್ಮುವ ಅವಕೆಂಪು ಕಿರಣವನ್ನು ಗುರುತಿಸಿ ದೀಪ ಹೊತ್ತಿಸುವ ಸೆನ್ಸರ್, ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆದು ಫ್ಯಾನ್ ಹಾಕುವ ಸೆನ್ಸರ್, ಮಾತು ಕೇಳುವ ಸ್ಪೀಕರ್ ಈಗ ಬೆಂಗಳೂರಿನ ಕಚೇರಿ, ಫ್ಲಾಟುಗಳಲ್ಲಿ ಸಾಮಾನ್ಯ.

ಭಾರತದಲ್ಲಿ ಸ್ಟಾರ್ ಗುರುತಿನ ಕೋಣೆ ಏಸಿಗಳನ್ನು ಚಾಲೂ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗುವಂತೆ ತಯಾರಿಸಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಗೆ ಬಂತು. ಐದನೆಯ ಹಂತದ ಹುಳುವಿಗೆ ಹೇಳಿದ ಅಂಕಿಯೂ ಅದೇ. ಸಾಮ್ಯ ಅಲ್ಲಿಗೇ ಮುಗಿಯುತ್ತದೆ. ಒಂದು ಹುಳುಮನೆಯಲ್ಲಿರುವ ಸಾವಿರಾರು ಹುಳುಗಳು ಒಂದೇ ದಿನ ಹುಟ್ಟಿದವು, ಒಂದೇ ಹಂತದವು. ಒಂದು ಕುಟುಂಬದಲ್ಲಿ ಅಜ್ಜಿಗೆ ಚಳಿ, ಮೊಮ್ಮಗನಿಗೆ ಸೆಕೆ. ವೈಯಕ್ತಿಕ ಜಾಗ ಎಂಬ ಮಾತು ಒಬ್ಬರೇ ಇರುವ ಕೋಣೆಗೆ ಹೊಂದುತ್ತದೆ. ಹಲವರಿರುವ ಕಡೆ ಯಾರ ಇಷ್ಟ ನಡೆಯಬೇಕೆಂದು ತಂತ್ರಾಂಶ ಬರೆದವರು ಮೊದಲೇ ತೀರ್ಮಾನಿಸಿರುತ್ತಾರೆ, ಮನೆಯವರಿಗೆ ಅದು ತಿಳಿದಿರುವುದೇ ಇಲ್ಲ. ಕೋಣೆಯನ್ನೆಲ್ಲ ತಣಿಸುವ ಬದಲು ಅವರವರ ಮೇಜು, ಹಾಸಿಗೆಗೆ ಪುಟ್ಟ ಫ್ಯಾನ್ ಕೊಟ್ಟು ಅವರೇ ತಿರುಗಿಸಿಕೊಳ್ಳಲು ಬಿಡುವುದು ಎಷ್ಟೋ ಬಾರಿ ಹೆಚ್ಚು ವೈಯಕ್ತಿಕ, ಹೆಚ್ಚು ಅಗ್ಗ.

ಅಂಕಿಗಳ ಒಡೆತನದ ಪ್ರಶ್ನೆಯೂ ಇಲ್ಲಿ ತೀವ್ರವಾಗುತ್ತದೆ. ಹುಳುಮನೆಯ ತೇವಾಂಶ ಯಾರಿಗೆ ತಿಳಿದರೂ ದೊಡ್ಡ ಹಾನಿಯಿಲ್ಲ. ವಾಸದ ಮನೆಯ ಚಲನೆಯ ಸೆನ್ಸರ್ ಮಾತ್ರ ಯಾರು ಎಷ್ಟು ಹೊತ್ತಿಗೆ ಮಲಗಿದರು, ಮನೆ ಯಾವಾಗ ಖಾಲಿ ಇತ್ತು ಎಂಬುದನ್ನೆಲ್ಲ ಬರೆದಿಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅಂಕಿಗಳನ್ನು ಮನೆಯೊಳಗಿನ ಯಂತ್ರದಲ್ಲೇ ಲೆಕ್ಕ ಹಾಕಿ ಅಳಿಸಿಬಿಡುವ ವಿನ್ಯಾಸಗಳು ಕಾಯ್ದೆಗಿಂತ ಮುಂದೆ ಹೋಗಿ ಈ ಹಕ್ಕನ್ನು ಕಾಪಾಡುತ್ತವೆ.

ನೀರಿನಲ್ಲಿ ಅಳತೆ

ಈ ಸೀಮೆಯ ಹಳ್ಳಿಗಳಲ್ಲಿ ಈಜು ಕಲಿಸುವ ರೂಢಿಯ ಶಾಲೆ ಬಾವಿ ಮತ್ತು ಕೆರೆ. ಸೊಂಟಕ್ಕೆ ಒಣ ಸೋರೆಬುರುಡೆ ಅಥವಾ ಬೆಂಡು ಕಟ್ಟಿ ನೀರಿಗಿಳಿಸುತ್ತಾರೆ. ದಡದಲ್ಲಿ ಕೂತ ಮಾವನೋ ಅಣ್ಣನೋ 'ಕಾಲು ಬಡಿಯೋ, ಕತ್ತು ಎತ್ತಬೇಡ' ಎಂದು ಕೂಗುತ್ತಾನೆ. ಬುರುಡೆ ಎತ್ತಿ ಹಿಡಿಯುವುದರಿಂದ ಮೈಯ ಸಮತೋಲ ಎಲ್ಲಿ ತಪ್ಪಿತೆಂದು ಕಲಿಯುವವನಿಗೆ ಅಲ್ಲೇ ಗೊತ್ತಾಗುತ್ತದೆ. ಹಿಮ್ಮಾಹಿತಿಯ ಎರಡೂ ಬಗೆ, ಮೈಗೆ ತಾಗುವುದು ಮತ್ತು ಕಿವಿಗೆ ಬೀಳುವುದು, ಇಲ್ಲಿವೆ.

ಸ್ಪರ್ಧೆಯ ಈಜಿನಲ್ಲಿ ಬೇಕಾದ ಸೂಕ್ಷ್ಮತೆ ಬೇರೆ ಮಟ್ಟದ್ದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡರಷ್ಟಾದರೆ ನೀರಿನ ಎಳೆತ ನಾಲ್ಕರಷ್ಟಾಗುತ್ತದೆ. ಬಲ ಹೆಚ್ಚಿಸುವುದಕ್ಕಿಂತ ಎಳೆತ ತಗ್ಗಿಸುವುದೇ ಲಾಭವಾದ್ದರಿಂದ ಕೌಶಲದ ಪಾತ್ರ ಇಷ್ಟು ದೊಡ್ಡದು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ 'ಎ' ಅರ್ಹತಾ ಮಟ್ಟ 53.85. ಉಳಿದ 0.08 ಸೆಕೆಂಡನ್ನು ಆ ವೇಗದಲ್ಲಿ ದೂರಕ್ಕೆ ತಿರುಗಿಸಿದರೆ ಸುಮಾರು 15 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ತಿರುವಿನಲ್ಲಿ ಗೋಡೆಯನ್ನು ಒದೆಯುವುದು ತುಸು ಸಡಿಲವಾದರೂ ಹೋಗಿಬಿಡುವ ಅಂತರ ಅದು.

ನೀರೊಳಗಿನ ಚಲನೆಯನ್ನು ವೈಜ್ಞಾನಿಕವಾಗಿ ನೋಡುವ ದಾರಿ ತೆರೆದವರಲ್ಲಿ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ತರಬೇತುದಾರ ಜೇಮ್ಸ್ ಕೌನ್ಸಿಲ್‌ಮನ್ ಪ್ರಮುಖರು. ನೀರಿನಡಿಯ ಚಲನಚಿತ್ರಗಳನ್ನು ಆಧರಿಸಿದ ಅವರ ಪುಸ್ತಕ 1968ರಲ್ಲಿ ಬಂತು. ಕ್ಯಾಮೆರಾದಿಂದ ಮೈಗೆ ಕಟ್ಟುವ ಸೆನ್ಸರಿಗೆ ಬಂದದ್ದು ಚಿಪ್ಪುಗಳು ಸಣ್ಣದಾದ ಮೇಲೆ. ಜಪಾನಿನ ಕೇಯೊ ವಿಶ್ವವಿದ್ಯಾಲಯದ ಯೂಜಿ ಓಗಿ ಈಜುಗಾರರ ಮಣಿಕಟ್ಟಿಗೆ ವೇಗೋತ್ಕರ್ಷ ಮಾಪಕ ಕಟ್ಟಿ ಕೈಬೀಸಿನ ಹಂತಗಳನ್ನು ಬೇರ್ಪಡಿಸಿ ತೋರಿಸಿದರು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲೂ ಈ ಶತಮಾನದ ಮೊದಲ ದಶಕದಲ್ಲಿ ಇಂಥ ಕೆಲಸ ನಡೆಯಿತು.

ಚಿಪ್ಪಿನೊಳಗಿರುವುದು ಸಿಲಿಕಾನ್ ಸ್ಪ್ರಿಂಗಿಗೆ ತೂಗುಹಾಕಿದ ಕಣ್ಣಿಗೆ ಕಾಣದಷ್ಟು ಸಣ್ಣ ತೂಕ. ಕೈ ಜೋರಾಗಿ ಚಲಿಸಿದಾಗ ಅದು ಹಿಂದೆ ಸರಿಯುತ್ತದೆ, ಸರಿದಷ್ಟನ್ನು ವಿದ್ಯುತ್ ಧಾರಕತೆಯ ಬದಲಾವಣೆಯಾಗಿ ಓದುತ್ತಾರೆ. ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಜೊತೆಗಿರುತ್ತದೆ. ಮಣಿಕಟ್ಟಿನಲ್ಲಿ ಕಟ್ಟಿದರೆ ಕೈ ನೀರು ಹೊಕ್ಕದ್ದು, ಹಿಡಿದದ್ದು, ತಳ್ಳಿದ್ದು, ಹೊರಬಂದದ್ದು ಬೇರೆಬೇರೆಯಾಗಿ ಕಾಣುತ್ತವೆ. ಸೊಂಟದ ಹಿಂಭಾಗದಲ್ಲಿ ಕಟ್ಟಿದರೆ ಮೈ ಎಷ್ಟು ಹೊರಳುತ್ತಿದೆ, ಪ್ರತಿ ಕೈಬೀಸಿನ ನಡುವೆ ವೇಗ ಎಷ್ಟು ಕುಸಿಯುತ್ತಿದೆ ಎಂಬುದು ತಿಳಿಯುತ್ತದೆ. ತಲೆಯ ಮೇಲಿದ್ದರೆ ಉಸಿರಿಗಾಗಿ ಕತ್ತು ಎಷ್ಟು ಎದ್ದಿತೆಂಬುದು. ಕೆರೆಯ ದಡದ ಮಾವ ಕೂಗಿ ಹೇಳುವುದೂ ಇದನ್ನೇ.

ತೊಡಕು ಹಿಮ್ಮಾಹಿತಿ ತಲುಪಿಸುವುದರಲ್ಲಿದೆ. ಬ್ಲೂಟೂತ್ ಬಳಸುವ ರೇಡಿಯೊ ಅಲೆಯನ್ನು ನೀರು ಕೆಲವೇ ಸೆಂಟಿಮೀಟರಿನಲ್ಲಿ ನುಂಗಿಬಿಡುತ್ತದೆ. ಹೀಗಾಗಿ ಬಹಳಷ್ಟು ಸಾಧನಗಳು ಅಂಕಿಗಳನ್ನು ಒಳಗೇ ಕೂಡಿಟ್ಟು ಈಜುಗಾರ ಗೋಡೆ ಹಿಡಿದು ನಿಂತ ಮೇಲೆ ಕಳಿಸುತ್ತವೆ. ಈಜುತ್ತಿರುವಾಗಲೇ ತಿಳಿಸಬೇಕೆಂದರೆ ಚರ್ಮಕ್ಕೆ ಕಂಪನ, ಮೂಳೆಯ ಮೂಲಕ ದನಿ, ಇಲ್ಲವೇ ಕನ್ನಡಕದ ಗಾಜಿನಲ್ಲೇ ಅಂಕಿ ಮೂಡಿಸುವುದು ದಾರಿ. ಕೊನೆಯ ಬಗೆಯ, ಫಾರ್ಮ್ ಎಂಬ ಹೆಸರಿನ ಈಜು ಕನ್ನಡಕ 2019ರಲ್ಲಿ ಮಾರುಕಟ್ಟೆಗೆ ಬಂತು. ಆದರೆ ಹೇಳಿದ್ದೇ ಹೇಳುತ್ತಿದ್ದರೆ ಕಲಿಕೆ ಗಟ್ಟಿಯಾಗುವುದಿಲ್ಲ. ಪ್ರತಿ ಯತ್ನಕ್ಕೂ ಸೂಚನೆ ಸಿಕ್ಕರೆ ಕಲಿಯುವವರು ಅದಕ್ಕೇ ಒಗ್ಗಿಹೋಗಿ, ಸೂಚನೆ ನಿಂತಾಗ ತಪ್ಪುತ್ತಾರೆಂದು 1984ರಲ್ಲಿ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಸಂಶೋಧಕರು ವಾದಿಸಿದರು. ಸ್ಪರ್ಧೆಯ ದಿನ ಮೈ ಒಂದೇ ಜೊತೆಗಿರುವುದು. ಕೆಲವು ಸುತ್ತು ಹೇಳಿ ಕೆಲವು ಸುತ್ತು ಸುಮ್ಮನಿರುವುದನ್ನು ಒಳ್ಳೆಯ ಕೋಚ್‌ಗಳು ಅನುಭವದಿಂದ ಬಲ್ಲರು, ಯಂತ್ರಕ್ಕೂ ಅದನ್ನು ಕಲಿಸಬೇಕು.

ಯಾರ ಮೈಯ ಮಾದರಿ

ವಾಚುಗಳು ತೋರಿಸುವ ಸ್ವಾಲ್ಫ್ ಎಂಬ ಅಂಕ ಒಂದು ಉದ್ದಕ್ಕೆ ತೆಗೆದುಕೊಂಡ ಸೆಕೆಂಡು ಮತ್ತು ಕೈಬೀಸುಗಳ ಮೊತ್ತ. 25 ಮೀಟರನ್ನು 20 ಸೆಕೆಂಡು, 20 ಕೈಬೀಸಿನಲ್ಲಿ ಈಜಿದರೆ 40. ಉದ್ದ ತೋಳಿನವರಿಗೆ ಇದು ಸಹಜವಾಗಿಯೇ ಇಳಿಯುತ್ತದೆ. ಹತ್ತು ವರ್ಷದ ಹುಡುಗಿಯ ಅಂಕವನ್ನು ಆರಡಿ ಯುವಕನದಕ್ಕೆ ಹೋಲಿಸುವುದು ಅನ್ಯಾಯ. ಅವಳ ನಿನ್ನೆಯ ಅಂಕಕ್ಕೆ ಇಂದಿನದನ್ನು ಹೋಲಿಸಿದರೆ ಮಾತ್ರ ಅರ್ಥ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಪ್ಯಾರಾ ಈಜು. ಬೆಂಗಳೂರಿನ ಶರತ್ ಗಾಯಕ್‌ವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿರಲಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದ ಅವರು 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇದ್ದವರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಎರಡು ಕೈಗಳ ಬೀಸು ಸಮನಾಗಿರಬೇಕೆಂಬ ಲೆಕ್ಕದ ಮೇಲೆ ಬರೆದ ತಂತ್ರಾಂಶ ಇಂಥವರ ಅತ್ಯುತ್ತಮ ಈಜನ್ನೂ ದೋಷವೆಂದೇ ಗುರುತಿಸುತ್ತದೆ. ವೈಯಕ್ತಿಕ ಹಿಮ್ಮಾಹಿತಿ ಎಂಬ ಮಾತಿಗೆ ನಿಜವಾದ ಪರೀಕ್ಷೆ ಇಲ್ಲೇ. ಹುಳುಮನೆ ಹಂತ ನೋಡಿ ಶಾಖ ಬದಲಿಸುವಂತೆ, ಈಜಿನ ಸೆನ್ಸರ್ ಎದುರಿಗಿರುವ ಮೈಯನ್ನು ನೋಡಿ ತನ್ನ ಮಾದರಿಯನ್ನು ಬದಲಿಸಿಕೊಳ್ಳಬೇಕು.

ತರಬೇತಿ ಕೊಳದ ಸೆನ್ಸರುಗಳು ತೆರೆದ ನೀರಿನ ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯದ ನೀರಿಗಿಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅಲ್ಲಿ ಬೇಕಾದದ್ದು ಕಾವಲು, ಹಗ್ಗ, ಮತ್ತು ಶಾಲಾ ವಯಸ್ಸಿನಲ್ಲೇ ಈಜು ಕಲಿಕೆ.

ಅಳತೆಯ ಮಿತಿ

ಸ್ಪರ್ಧಾಕೊಳದ ಗೋಡೆಗೆ ಹಾಕುವ, 240 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಸ್ಪರ್ಶಫಲಕ ಕೈ ತಾಗಿದ ಕ್ಷಣವನ್ನು ದಾಖಲಿಸುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀ ಅವರನ್ನು 0.002 ಸೆಕೆಂಡಿನಿಂದ ಹಿಂದಿಕ್ಕಿ ಚಿನ್ನ ಗೆದ್ದರು. ಆ ವೇಗದಲ್ಲಿ ಅದು 3 ಮಿಲಿಮೀಟರ್. 50 ಮೀಟರ್ ಕೊಳ ಕಟ್ಟುವಾಗ ಉದ್ದದಲ್ಲಿ ನಿಯಮ ಒಪ್ಪುವ ವ್ಯತ್ಯಾಸವೇ 3 ಸೆಂಟಿಮೀಟರ್. ಗಡಿಯಾರ ಕೊಳಕ್ಕಿಂತ ಸೂಕ್ಷ್ಮವಾಗಿತ್ತು. ಆಮೇಲೆ ಫಲಿತಾಂಶಕ್ಕೆ ಸೆಕೆಂಡಿನ ನೂರನೇ ಒಂದು ಭಾಗದವರೆಗಿನ ಅಳತೆಯನ್ನು ಮಾತ್ರ ಪರಿಗಣಿಸುವ ನಿಯಮ ಬಂತು. ಇಬ್ಬರ ಸಮಯ ಅಲ್ಲಿಗೆ ಸಮನಾದರೆ ಇಬ್ಬರಿಗೂ ಪದಕ.

ಹುಳುಮನೆಯ ಸೆನ್ಸರಿನ ಅಳತೆಗೂ ಮಿತಿಯಿದೆ. ಅದು ಎಷ್ಟು ನಂಬಲರ್ಹ ಎಂಬುದನ್ನು ರೈತರು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಬಟ್ಟಲಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ, ಪೂರ್ತಿ ಕರಗದೆ ಗಟ್ಟಿಯಾಗಿ ಉಳಿಯುವಂತೆ ಕಲಸಬೇಕು. ಆ ಬಟ್ಟಲನ್ನೂ ಸೆನ್ಸರನ್ನೂ, ಉಪ್ಪು ತಾಗದಂತೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ನೆರಳಿನಲ್ಲಿಡಬೇಕು. 25 ಡಿಗ್ರಿಯ ಆಸುಪಾಸಿನಲ್ಲಿ ಉಪ್ಪಿನ ಮೇಲಿನ ಗಾಳಿ ಶೇ 75ರ ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಸೆನ್ಸರ್ 70 ತೋರಿಸಿದರೆ ಐದನ್ನು ಕೂಡಿಕೊಳ್ಳಬೇಕು, 80 ತೋರಿಸಿದರೆ ಐದನ್ನು ಕಳೆಯಬೇಕು. ಪ್ರತಿ ಬೆಳೆಗೆ ಮುಂಚೆ, ಚಾಕಿ ಹುಳು ಮನೆಗೆ ಬರುವ ಹಿಂದಿನ ವಾರ, ಇದನ್ನು ಮಾಡಿದರೆ ಸಾಕು.